ಬುಟ್ಟಿಗೆ ಚಿಮುಕಿಸುವ ನೀರು

ಗುಲ್ವಾಡಿಯ ಕಡವಿನಲ್ಲಿ ಪದ್ದುವಿನ ಬುಟ್ಟಿಗಳು ದೋಣಿ ಹತ್ತುತ್ತಿದ್ದವು, ಪದ್ದು ಹತ್ತುತ್ತಿರಲಿಲ್ಲ. ಮುಟ್ಟಬಾರದವರೆಂದು ದೂರವಿಟ್ಟ ಕೊರಗರು ಹೆಣೆದ ಬುಟ್ಟಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಮೈಲಿಗೆ ಹೋಯಿತೆಂದು ಊರು ನಂಬಿತ್ತು. ಹೆಣೆದವಳು ಮಾತ್ರ ಎಲ್ಲರೂ ದಾಟಿದ ಮೇಲೆ ಕಡೆಯ ಖಾಲಿ ದೋಣಿಗೆ ಕಾಯಬೇಕು.

ಸ್ವಾತಂತ್ರ್ಯ ಬಂದ ಮರುವರ್ಷದ ಒಂದು ಬೆಳಿಗ್ಗೆ ಅವಳು ಕಾಯಲಿಲ್ಲ. ಬೋರ್ಡಿನ ಸಾರ್ವಜನಿಕ ಬಾವಿಯಲ್ಲಿ ನೀರು ಸೇದಿದ್ದಕ್ಕೆ ಊರವರು ಅವಳ ಕೊಡ ಒಡೆದು ಕೈ ತಿರುಚಿದ್ದರು. ಅಂಥ ಬಾವಿಯಿಂದ ಯಾರನ್ನೂ ತಡೆಯಬಾರದೆಂದು ಮದರಾಸು ಸರಕಾರದ ಕಾನೂನಿತ್ತು. ಅವಳು ದೂರು ಕೊಟ್ಟಿದ್ದಳು. ಇವತ್ತು ಕುಂದಾಪುರದ ಕೋರ್ಟಿನಲ್ಲಿ ಹೆಸರು ಕೂಗಿದಾಗ ಅವಳಿಲ್ಲದಿದ್ದರೆ ಕೇಸು ಅಲ್ಲಿಗೇ ಮುಗಿಯಿತು. ಪದ್ದು ನೇರ ಹೋಗಿ ದೋಣಿಯಲ್ಲಿ ತನ್ನ ಬುಟ್ಟಿಗಳ ಪಕ್ಕ ಕುಳಿತಳು.

“ಹ್ವಾಯ್ ಪದ್ದು, ಎಂತ, ತಲಿ ಕೆಟ್ಟಿತಾ? ಇಳಿ!” ದೋಣಿ ನಡೆಸುವ ಮಂಜ ಕೂಗಿದ.

“ಇಳಿತಿಲ್ಲೆ.”

“ಹಂಗಾರೆ ದೋಣಿ ಹೋತಿಲ್ಲೆ.”

“ಹೋಪ್ದ್ ಬ್ಯಾಡ. ನಾನ್ ಇಲ್ಲೇ ಕೂಕಂತೆ. ಬಾಕಿಯೋರೂ ದಡದಗೇ ನಿಲ್ಲಿ.”

ದಡದಲ್ಲಿ ವೈಕುಂಠ ಐತಾಳರು ಕೊಡೆ ಊರಿ ನಿಂತಿದ್ದರು. ಅವರೂ ಅದೇ ಕೋರ್ಟಿಗೆ ಹೊರಟವರು. ಗದ್ದೆಯಂಚಿನ ವಿಷಯದಲ್ಲಿ ತಮ್ಮನ ಮೇಲೆ ವ್ಯಾಜ್ಯ ಹೂಡಿದ್ದರು. ಹೊಳೆಯಲ್ಲಿ ನೀರಿನ ಇಳಿತ ಶುರುವಾಗಿತ್ತು. ತಡವಾದರೆ ದೋಣಿ ಕೆಸರಿನಲ್ಲಿ ಕೂರುತ್ತಿತ್ತು.

“ಮಂಜ, ಅವ್ಳ ಮೈಮೇಲೆ ನಾಕ್ ಹನಿ ನೀರ್ ಚಿಮ್ಕ್ಸ್ ಮಾರಾಯ. ಬುಟ್ಟಿಗ್ ಆಪ್ದ್ ಅವ್ಳಿಗ್ ಆತಿಲ್ಯಾ?” ಎಂದರು. ಅವರ ಔದಾರ್ಯ ಅವರಿಗೇ ಹಿಡಿಸಿತು.

ಮಂಜ ಬೊಗಸೆ ತುಂಬಿದ. ಪದ್ದು ಅವನ ಕೈಗೆ ಹೊಡೆದು ನೀರು ಚೆಲ್ಲಿದಳು. ಮುಟ್ಟಬಾರದವನನ್ನು ಮುಟ್ಟಿಯಾಗಿತ್ತು.

“ನಾನ್ ಬುಟ್ಟಿ ಅಲ್ಲ ಅಯ್ಯ. ನಿಮ್ ಗದ್ದಿ ಅಂಚಿಗ್ ಕಾನೂನ್ ಇತ್ತಲ್ದಾ? ನನ್ ಕೊಡಕ್ಕೂ ಇತ್. ನಿಮ್ಗ್ ಯಾರಾರೂ ನೀರ್ ಚಿಮ್ಕ್ಸಿ ಕೋರ್ಟಿಗ್ ಕಳ್ಸ್ತ್ರಾ?”

ದಡದಲ್ಲಿದ್ದ ಮೀನು ಮಾರುವ ಜಲಜ ತಡೆಯಲಾರದೆ ನಕ್ಕಳು. “ಹತ್ತಿ ಅಯ್ಯ, ಬುಟ್ಟಿ ಮೇಲ್ ಕೂಕಣಿ. ಅದ್ ಶುದ್ಧ ಇತ್!”

ಐತಾಳರ ಮುಖ ಕಪ್ಪಿಟ್ಟಿತು. ದಡದಂಚಿನಲ್ಲಿ ಕೆಸರು ಕಾಣತೊಡಗಿತ್ತು. ಅವರು ಕಚ್ಚೆ ಎತ್ತಿ ಹತ್ತಿದರು, ತುದಿಯಲ್ಲಿ ಪದ್ದುವಿಗೆ ಬೆನ್ನು ಹಾಕಿ ನಿಂತರು. “ಬಿಡ್ ಮಂಜ, ಹೊತ್ತಾತ್.”

ಆಚೆ ದಡ ಮುಟ್ಟಿದಾಗ ಮಂಜ ತಗ್ಗಿದ ದನಿಯಲ್ಲಿ ಗದರಿಸಿದ: “ಇವತ್ತ್ ಒಂದಿನ ಮಾತ್ರ. ತಿರ್ಗಿ ಬಪ್ಪತಿಗೆ ಕಡಿ ದೋಣಿಗ್ ಬಾ.”

ಪದ್ದು ಇಳಿದು ಸೀರೆ ಕೊಡವಿಕೊಂಡಳು.

“ಕೋರ್ಟ್ ಬಿಟ್ಟ್ ಕೂಡ್ಲೆ ಬತ್ತೆ. ಯಾವ್ ದೋಣಿ ಇತ್ತೋ ಅದ್ರಗೇ ಕೂಕಂತೆ. ಆತಿಲ್ದಿದ್ರೆ ನೀನೂ ಒಂದ್ ದೂರ್ ಕೊಡ್.”