ತಾಮ್ರದ ಮೇಲಿನ ಕಲೆ

"ಶುರುವಾಯ್ತು ನೋಡು, ನಟ್ಟನಡುವಿಂದಲೇ!" ಎಂದ ಯೋಗನರಸಿಂಹ, ಸೂಕ್ಷ್ಮದರ್ಶಕದಿಂದ ಬಲಗಣ್ಣು ತೆಗೆಯದೆ.

"ಹೇಗಯ್ಯಾ ಶುರುವಾಗತ್ತೆ? ನಾನಿನ್ನೂ ಗ್ಯಾಸಿನ ನಲ್ಲಿ ತಿರುಗಿಸೇ ಇಲ್ಲ," ಎಂದ ಸುಬ್ಬಕೃಷ್ಣ. "ಈ ಕೊಳೆತ ಮೊಟ್ಟೆ ನಾತ ಹತ್ತಿಸ್ಕೊಂಡು ಹೋದ್ರೆ ಮನೆ ಬಾಡಿಗೆ ಕೊಟ್ಟಿರೋ ಅಂಬುಜಮ್ಮನೋರು ನಿನ್ನ ಒಳಕ್ಕೆ ಬಿಟ್ಕೊಳ್ತಾರೋ ಇಲ್ವೋ ಅಂತ ಯೋಚಿಸ್ತಿದ್ದೆ."

ಅದು ೧೯೫೮ರ ಬೇಸಿಗೆ. ತುಮಕೂರಿನ ಕಾಲೇಜೊಂದರಲ್ಲಿ ಇಬ್ಬರೂ ಅಧ್ಯಾಪಕರು. ಕನ್ನಡಿಯಂತೆ ಉಜ್ಜಿದ ತಾಮ್ರದ ಬಿಲ್ಲೆಗೆ ಗಂಧಕದ ಗ್ಯಾಸು ತಾಕಿಸಿ, ಕಪ್ಪು ಎಲ್ಲಿ ಹುಟ್ಟುತ್ತದೆಂದು ನೋಡುವುದರಲ್ಲಿ ಯೋಗನರಸಿಂಹನ ರಜೆಗಳೆಲ್ಲ ಸವೆದಿದ್ದವು. ಅಂಚಿನಲ್ಲಲ್ಲ, ಗೀರುಗಳಲ್ಲೂ ಅಲ್ಲ, ನಡುವೆ ಎಂಬುದು ಅವನು ಕಂಡುಕೊಂಡ ಸತ್ಯ. ಮುಂದಿನ ವಾರ ಬೆಂಗಳೂರಿನ ವಿದ್ವಾಂಸರೆದುರು ಅದನ್ನು ಹೇಳಬೇಕಿತ್ತು. ತನ್ನದೆಂದು ಹೇಳಿಕೊಳ್ಳಲು ಬದುಕಿನಲ್ಲಿ ಅವನಿಗೆ ಬೇರೇನೂ ಒದಗಿರಲಿಲ್ಲ.

"ತಮಾಷೆ ಸಾಕು. ನೀನೇ ನೋಡು."

ಸುಬ್ಬಕೃಷ್ಣ ಬಗ್ಗಿ ನೋಡಿದ. "ಎರಡು ಗೀರು. ಕಲೆ ಗಿಲೆ ಏನೂ ಇಲ್ವಲ್ಲೋ! ಲೆನ್ಸಿನ ಧೂಳು ನೋಡಿರ್ತೀಯ."

ಧೂಳಿನ ನೆಲೆ ಹಿಡಿಯುವುದನ್ನು ಯೋಗನರಸಿಂಹ ಎಷ್ಟೋ ವಿದ್ಯಾರ್ಥಿಗಳಿಗೆ ಕಲಿಸಿದ್ದ. ಮೇಲಿನ ಲೆನ್ಸನ್ನು ತಿರುಗಿಸಿದ, ಕಲೆ ತಿರುಗಲಿಲ್ಲ. ಕೆಳಗಿನದನ್ನು ಬಿಚ್ಚಿ ಒರೆಸಿ ಹಾಕಿದ; ಕಲೆ ಹೋಗಲಿಲ್ಲ. ಬಿಲ್ಲೆಯನ್ನು ಸರಿಸಿದ. ಗೀರುಗಳು ಸರಿದುಹೋದವು, ಕಲೆ ಮಾತ್ರ ಇದ್ದಲ್ಲೇ ಇತ್ತು.

ಸೂಕ್ಷ್ಮದರ್ಶಕದ ಮುಂದೆ ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದ ಎಡಗಣ್ಣನ್ನು ಅವನು ನಿಧಾನವಾಗಿ ಲೆನ್ಸಿನ ಮೇಲಿಟ್ಟ. ತಾಮ್ರ ಅಂಚಿನಿಂದ ಅಂಚಿಗೆ ಬೆಳಗಿನಂತೆ ಕೆಂಪಗೆ, ನಿರ್ಮಲವಾಗಿತ್ತು.

ಕುಣಿಗಲ್ಲಿನಲ್ಲಿ ತೀರಿಕೊಂಡ ತಂದೆಗೂ ಬಲಗಣ್ಣೇ ಮೊದಲು ಕೆಟ್ಟದ್ದು. ಇದಕ್ಕೆ ಕನ್ನಡಕವೂ ಇಲ್ಲ, ಕತ್ತರಿಯೂ ಇಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಕೈಚೆಲ್ಲಿದ್ದರು. ಮರುವರ್ಷ ಎಡಗಣ್ಣಿಗೂ ಅದೇ ಗತಿಯಾಯಿತು. ನೋಟದ ನಡುವೆ ಕಪ್ಪು ಕೂತಿದ್ದರಿಂದ ಕೊನೆಕೊನೆಗೆ ಅವರು ಮಗನ ಮುಖ ಕಾಣಲು ಪಕ್ಕದ ಗೋಡೆಯನ್ನು ನೋಡುತ್ತ ಮಾತಾಡುತ್ತಿದ್ದರು.

"ಏನೋ, ಧೂಳೇ ತಾನೆ?"

"ಹೂಂ. ನೀನು ಊಟಕ್ಕೆ ನಡಿ."

"ಬೆಂಗಳೂರಲ್ಲಿ ಮರ್ಯಾದೆ ಉಳೀತು ಬಿಡು," ಎಂದು ನಗುತ್ತ ಸುಬ್ಬಕೃಷ್ಣ ಹೊರಟ.

ಯೋಗನರಸಿಂಹ ಕಿಟಕಿಯ ಬಳಿ ನಿಂತು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಕೆರೆಯ ಮೇಲೆ ಬಿಳಿಚಿದ ಆಕಾಶ, ಅದರ ನಟ್ಟನಡುವೆ ಅದೇ ಕಲೆ. ಎಲ್ಲಿಂದಲೋ ಒಂದು ಬೆಳ್ಳಕ್ಕಿ ಹಾರಿಬಂದು ಆ ಕಪ್ಪಿನೊಳಗೆ ಹೊಕ್ಕಿತು. ಅದು ಆಚೆ ಹೊರಟೀತೆಂದು ಅವನು ದೃಷ್ಟಿ ಕದಲಿಸದೆ ಕಾದ.