ಕೆಳಗೆ ಹಿಡಿಯುವವನು

"ಲಿಫ್ಟು ಇರೋದು ಮನುಷ್ಯರಿಗೆ ಕಣೋ, ಕತ್ತೆ ನನ್ಮಗನೇ! ಮೆಟ್ಲಲ್ಲಿ ಹತ್ಸು!"

ಕಂಟ್ರಾಕ್ಟರು ಹೀಗೆ ಕೂಗುವ ಹೊತ್ತಿಗೆ ತಿಜೋರಿ ಆಗಲೇ ಕೋಣಣ್ಣನ ಹೆಗಲ ಮೇಲಿತ್ತು. ಲಿಫ್ಟಿನಲ್ಲಿ ಹೋಗುತ್ತೇವೆಂದು ಅವನು ಕೇಳಿರಲೂ ಇಲ್ಲ. ಅದರ ಬಾಗಿಲು ತೆರೆದಾಗ ಒಂದು ಸಲ ಆ ಕಡೆ ಕಣ್ಣು ಹಾಯಿಸಿದ್ದ, ಅಷ್ಟಕ್ಕೇ ಇಷ್ಟು ಬಿತ್ತು. ಒಳಗೆ ನಾಯಕರ ಮುಖವಿದ್ದ ಪೋಸ್ಟರುಗಳ ಕಟ್ಟು ಹಿಡಿದು ನಿಂತಿದ್ದ ಇಬ್ಬರು ಹಲ್ಲು ಕಿರಿದರು. ಬಾಗಿಲು ಮುಚ್ಚಿಕೊಂಡಿತು. ನಾಯಕರ ಐನೂರು ಮುಖಗಳು ಸುಖವಾಗಿ ಮೇಲಕ್ಕೆ ಹೋದವು.

ಹಮಾಲರು ನಾಲ್ಕು ಜನ. ಕೆಳಗಡೆ ಹೆಗಲು ಕೊಟ್ಟವರು ಕೋಣಣ್ಣ ಮತ್ತು ಉದ್ದ ಎಂದು ಕರೆಸಿಕೊಳ್ಳುವ ಅವನ ಹೆಂಡತಿಯ ತಮ್ಮ. ಮೇಲ್ಗಡೆ ಹಗ್ಗ ಹಿಡಿದವರು ಕುಳ್ಳ ಮತ್ತು ಅಜ್ಜ. ಕೋಣಣ್ಣನಿಗೆ ಆ ಹೆಸರು ಕುತ್ತಿಗೆಯ ದೆಸೆಯಿಂದ ಬಂದದ್ದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು, ಸಿಟ್ಟು ಇಳಿದ ಮೇಲೂ ಹಾಗೇ ಕರೆಯುತ್ತಿದ್ದಳು. ಅಜ್ಜ ಅವರ ಹಳೆಯ ಮೇಸ್ತ್ರಿ. ಈಗ ಹೊರುವ ಶಕ್ತಿ ಕಡಿಮೆ, ಹೆಜ್ಜೆ ಎಣಿಸುವುದು ಅವನ ಕೆಲಸ. "ಹೂಂ... ಒಂದು. ಹೂಂ... ಇನ್ನೊಂದು." ಎಷ್ಟು ಮೆಟ್ಟಿಲು ಉಳಿದಿವೆ ಎಂದು ಮಾತ್ರ ಅವನು ಬಾಯಿ ಬಿಡುವವನಲ್ಲ. ಗೊತ್ತಾದರೆ ಕಾಲು ಸೋಲುತ್ತದೆ ಎನ್ನುತ್ತಿದ್ದ.

ಪಕ್ಷದ ಕಚೇರಿ ಮೂರನೇ ಮಹಡಿಯಲ್ಲಿ. ಚುನಾವಣೆಯ ಹೊತ್ತಿನಲ್ಲಿ ಕಚೇರಿಗೆ ತಿಜೋರಿ ಯಾಕೆ ಎಂದು ಕೇಳುವಷ್ಟು ದಡ್ಡರು ಆ ನಾಲ್ವರಲ್ಲಿ ಯಾರೂ ಇರಲಿಲ್ಲ.

ಮೊದಲ ತಿರುವಿನಲ್ಲಿ ಸ್ವಲ್ಪ ಸಮತಟ್ಟು ಜಾಗ ಸಿಕ್ಕಿತು. ಇಳಿಸಿದರು. ಮೇಲಿನಿಂದ ಕಂಟ್ರಾಕ್ಟರು ಬಗ್ಗಿ ನೋಡಿ, "ಅಲ್ಲೇ ನಿಲ್ಸಿ! ನಾಯಕರು ಬರ್ತಿದಾರೆ. ಅವರೂ ಹೊರ್ತಾರಂತೆ" ಎಂದ.

ಕುಳ್ಳ ಕಿವಿಗೆ ಬೆರಳು ಹಾಕಿ ತಿರುವಿಕೊಂಡ. "ಏನು ಹೊರ್ತಾರಂತೆ?"

"ತಿಜೋರಿ."

"ತುಂಬಿದ್ದನ್ನ ಹೊತ್ಕೊಂಡು ಹೋಗೋದು ಅವರಿಗೆ ರೂಢಿ ಇದೆ ಬಿಡು. ಖಾಲೀದು ಯಾಕೆ?"

ಯಾಕೆ ಎಂಬುದು ಕೋಣಣ್ಣನಿಗೆ ತಟ್ಟನೆ ಹೊಳೆಯಿತು. ಹೊಳೆದ ಕೂಡಲೇ ಮೈಯೆಲ್ಲ ಉರಿಯಿತು, ಏಕೆಂದರೆ ತಪ್ಪು ಅವನದೇ.

ಹದಿನೈದು ದಿನದ ಕೆಳಗೆ ಗೋದಾಮಿನ ಗೇಟಿನ ಹೊರಗೆ ಕನ್ನಡಕದವನೊಬ್ಬ ಕಾಗದ ಹಿಡಿದು ಬಂದಿದ್ದ. ನಾಯಕರಿಗೆ ಬುದ್ಧಿ ಹೇಳುವ ಕೆಲಸ ಅವನದು, ಸಂಬಳಕ್ಕೆ. ಹಮಾಲರನ್ನು ಸುತ್ತ ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಕೇಳಿದ್ದ.

"ಓಟು ಹಾಕೋ ಮುಂಚೆ ನೀವು ಏನು ನೋಡ್ತೀರಿ? ಒಳ್ಳೆ ನಾಯಕ ಅಂದ್ರೆ ಓದಿರ್ಬೇಕಾ, ಪ್ರಾಮಾಣಿಕ ಆಗಿರ್ಬೇಕಾ, ಚೆನ್ನಾಗಿ ಮಾತಾಡ್ಬೇಕಾ, ನಿಮ್ಮ ಜನಾನೇ ಆಗಿರ್ಬೇಕಾ? ಯಾವುದಾದ್ರೂ ಒಂದಕ್ಕೆ ಗುರುತು ಹಾಕ್ಬೇಕು."

"ಎಲ್ಲದಕ್ಕೂ ಹಾಕಿ ಸ್ವಾಮಿ, ಬಿಟ್ಟಿ ತಾನೆ?" ಎಂದಿದ್ದ ಕುಳ್ಳ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಾರೂ ಏನೂ ಕೇಳದ ಮನುಷ್ಯನನ್ನು ಒಮ್ಮೆ ಕೇಳಿಬಿಟ್ಟರೆ ಅವನ ಬಾಯಿ ನಿಲ್ಲುವುದಿಲ್ಲ. ಕೋಣಣ್ಣ ಮುಂದೆ ಬಂದು ಎಲ್ಲವನ್ನೂ ಹೇಳಿದ. ಮೆಟ್ಟಿಲು ಹತ್ತುವಾಗ ಭಾರವೆಲ್ಲ ಬೀಳುವುದು ಕೆಳಗೆ ಹಿಡಿದವನ ಮೇಲೆ, ಮೇಲೆ ಹಿಡಿದವನದು ದಾರಿ ತೋರಿಸುವ ಕೆಲಸ. ಹಗ್ಗ ಜಾರಿದರೆ ಮೇಲಿನವನು ಅಯ್ಯೋ ಎನ್ನುತ್ತಾನೆ, ಕೆಳಗಿನವನು ಅದನ್ನೂ ಅನ್ನಲಾರ. ಹೊಸ ಮೇಸ್ತ್ರಿ ಬೇಕಾದಾಗ ಆಸೆಪಟ್ಟವರಿಗೆಲ್ಲ ಒಂದು ದೊಡ್ಡ ಮಾಲು ತೋರಿಸಿ ಸುಮ್ಮನಿರುತ್ತಾರೆ. ಯಾರು ಹೇಳಿಸಿಕೊಳ್ಳದೆ ಕೆಳಗಡೆ ಹೋಗಿ ಬಗ್ಗುತ್ತಾನೋ ಅವನೇ ಮೇಸ್ತ್ರಿ.

"ಕೆಳಗಡೆ ಹಿಡಿಯೋನು. ನಮಗೆ ಅದೊಂದೇ ಸಾಕು ಸ್ವಾಮಿ."

ಕನ್ನಡಕದವನು ಕಾಗದದಲ್ಲಿ ಹುಡುಕಾಡಿದ. "ಅದು ಪಟ್ಟಿಯಲ್ಲಿ ಇಲ್ವಲ್ಲಾ... 'ಇತರೆ' ಅಂತ ಬರ್ಕೋತೀನಿ."

"ಬರ್ಕೊಳ್ಳಿ. ನಾವು ಯಾವಾಗ್ಲೂ ಅಲ್ಲೇ ಇರೋದು."

ಅವನು ಹೋದ ಮೇಲೆ ಅಜ್ಜ ಕೋಣಣ್ಣನ ತಲೆಗೆ ಮೊಟಕಿದ್ದ. "ಏನು ಮಾಡ್ದೆ ಗೊತ್ತೇನೋ ಮುಂಡೇದೇ? ಅವನಿಗೆ ಗೊತ್ತಿಲ್ದೇ ಇದ್ರೆ ತಾನೆ ಅದು ಪರೀಕ್ಷೆ? ನೀನೇ ಕೂತು ಪ್ರಶ್ನೆಪತ್ರಿಕೆ ಓದಿ ಹೇಳ್ಬಿಟ್ಯಲ್ಲೋ!"

ವಾರ ಕಳೆಯುವುದರೊಳಗೆ ಗೋಡೆಗಳ ಮೇಲೆ ಬರಹ ಬಂತು: ಕೆಳಗೆ ನಿಂತು ಹೊರುವ ನಾಯಕ. ಅದೇ ವಾರ ಕಂಟ್ರಾಕ್ಟರು ಮೂವತ್ತೆರಡು ಹಮಾಲರ ತೋಳಿನ ಹಿತ್ತಾಳೆ ಬಿಲ್ಲೆಗಳನ್ನೂ ಬಿಚ್ಚಿಸಿಕೊಂಡ. ನವೀಕರಣ ಅಂತೆ. ಬಿಲ್ಲೆ ಇಲ್ಲದವನನ್ನು ಗೋದಾಮಿನ ಗೇಟಿನೊಳಗೆ ಬಿಡುವುದಿಲ್ಲ. ಹೊರಗೆ ನಿಂತು ಕಂಟ್ರಾಕ್ಟರು ಬೆರಳು ಮಾಡಿದ ಕೆಲಸವನ್ನು ಅವನು ಕೊಟ್ಟಷ್ಟಕ್ಕೆ ಮಾಡಬೇಕು. ಕೇಳಲು ಹೋದಾಗ ಅವನು ಬಹಳ ಸಮಾಧಾನದಿಂದ ಮಾತಾಡಿದ.

"ಯಾರಿಗೆ ಓಟು ಹಾಕಿ ಅಂತ ನಾನು ಹೇಳ್ದೆನಾ? ನಿಮ್ಮ ಓಟು ನಿಮ್ಮ ಹಕ್ಕು. ನಿಮ್ಮ ಬಿಲ್ಲೆ ನನ್ನ ಹತ್ರ ಇದೆ, ಅಷ್ಟೇ. ಎಣಿಕೆ ಮುಗೀಲಿ, ನಿಮ್ಮ ಕೇರಿ ಪೆಟ್ಟಿಗೇಲಿ ಏನು ಬಿದ್ದಿದೆ ನೋಡ್ಕೊಂಡು ಕೊಡ್ತೀನಿ."

ಆವತ್ತಿನಿಂದ ಅವನು ಆ ಬಿಲ್ಲೆಗಳನ್ನು ತಂತಿಗೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ನಡೆದರೆ ಝಣಝಣ ಅನ್ನುತ್ತಿತ್ತು. ಇವತ್ತು ಬೆಳಿಗ್ಗೆ ಕೋಣಣ್ಣ ಹೊರಡುವಾಗ ಹೆಂಡತಿ ಒಲೆ ಮುಂದಿನಿಂದ ಏಳದೆಯೇ ಹೇಳಿದ್ದಳು: "ಒಂದು ವಾರದಿಂದ ಗೇಟಿನ ಹೊರಗೆ ಭಿಕ್ಷುಕರ ಹಾಗೆ ಕೂತಿದ್ದೀರ. ಕುತ್ತಿಗೆ ಇರೋದು ಬಗ್ಸೋಕೆ ಒಂದೇ ಏನು? ಕೇಳಿ ಇಸ್ಕೊಂಡು ಬಾ."

ನಾಯಕರು ಲಿಫ್ಟಿನಲ್ಲಿ ಮೊದಲ ಮಹಡಿಗೆ ಬಂದು, ಅಲ್ಲಿಂದ ತಿರುವಿಗೆ ಇಳಿದರು. ಬೆಳ್ಳನೆಯ ಅಂಗಿ, ಬೆಳ್ಳನೆಯ ನಗು. ಹಿಂದೆ ಕನ್ನಡಕದವನು, ಫೋಟೋದವನು, ಕಂಟ್ರಾಕ್ಟರು, ಸಾಲದ್ದಕ್ಕೆ ಪತ್ರಿಕೆಯವರೂ ಹಿಂಬಾಲಕರೂ ಸೇರಿ ಇಪ್ಪತ್ತು ಜನ. ಮೆಟ್ಟಿಲ ತುಂಬ ಸೆಂಟಿನ ವಾಸನೆ.

"ಇವರೇ ಏನಪ್ಪಾ ನಮ್ಮ ಶ್ರಮಜೀವಿಗಳು?" ಎಂದು ನಾಯಕರು ಉದ್ದನ ಬೆನ್ನು ತಟ್ಟಿ, ಆಮೇಲೆ ಅಂಗೈ ನೋಡಿಕೊಂಡರು. ಒಬ್ಬ ಕರವಸ್ತ್ರ ಕೊಟ್ಟ.

ಫೋಟೋದವನು ಜಾಗ ಗೊತ್ತು ಮಾಡಿದ. ನಾಯಕರು ಮೇಲ್ಗಡೆ.

"ಮೇಲ್ಗಡೆ ಅಲ್ವಲ್ಲಾ ಸ್ವಾಮಿ," ಎಂದ ಕೋಣಣ್ಣ, ಕನ್ನಡಕದವನ ಕಡೆ ತಿರುಗಿ. "ನಾನು ಹೇಳಿದ್ದು ಕೆಳಗಡೆ."

"ಗೊತ್ತಪ್ಪಾ. ಆದ್ರೆ ಕೆಳಗಡೆ ನಿಂತ್ರೆ ತಿಜೋರಿ ಅಡ್ಡ ಬಂದು ಮುಖ ಕಾಣಲ್ಲ. ಮುಖ ಕಾಣ್ದಿದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ಏ ಮುದುಕಾ, ಫೋಟೋದಲ್ಲಿ ಬರ್ತಿದೀಯ, ಸರಿ ಆ ಕಡೆ!" ಎಂದು ಕಂಟ್ರಾಕ್ಟರು ಅಜ್ಜನ ರಟ್ಟೆ ಹಿಡಿದು ಗೋಡೆಗೆ ದೂಡಿದ. ಕುಳ್ಳನನ್ನೂ ದೂಡಿದ. ನಾಲ್ಕು ಜನರ ಭಾರ ಈಗ ಇಬ್ಬರ ಹೆಗಲ ಮೇಲೆ ಬಂತು. ನಾಯಕರು ತಿಜೋರಿಯ ಮೇಲಂಚಿಗೆ ಹತ್ತು ಬೆರಳು ಮುಟ್ಟಿಸಿ, ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿದರು. ಕಷ್ಟಪಡುವುದನ್ನು ಅವರು ನಿಜಕ್ಕೂ ಚೆನ್ನಾಗಿ ಅಭ್ಯಾಸ ಮಾಡಿದ್ದರು.

ತಿರುವಿನಿಂದ ಮೂರು ಮೆಟ್ಟಿಲು ಕೆಳಕ್ಕೆ ಇಳಿಸಿಕೊಂಡು, ಹತ್ತಿದರು. "ಬೆಳಕು ಸಾಲ್ದು, ಇನ್ನೊಂದ್ಸಲ." ಇಳಿದರು. ಮತ್ತೆ ಹತ್ತಿದರು. "ಸಾರ್ ಕಣ್ಣು ಮುಚ್ಚಿದ್ರು." ಇಳಿದರು. ಐದನೆಯ ಸಲಕ್ಕೆ ಉದ್ದ ತಿಜೋರಿಗೆ ಹಣೆ ಆನಿಸಿದ. "ಭಾವಾ, ನನ್ ಕೈಲಾಗಲ್ಲ," ಎಂದು ಪಿಸುಗುಟ್ಟಿದ. ಏಳನೆಯ ಸಲ ಫೋಟೋದವನು, "ಸೂಪರ್ ಸಾರ್! ಸ್ವಲ್ಪ ಬೆವರು ಇದ್ದಿದ್ರೆ ಇನ್ನೂ ಚೆನ್ನಾಗಿರೋದು," ಎಂದ. ಒಬ್ಬ ಬಾಟಲಿಯಿಂದ ನಾಯಕರ ಹಣೆಗೆ ನೀರು ಚಿಮುಕಿಸಿದ.

ಉದ್ದನ ಹಣೆಯಿಂದ ಬೆವರು ತಿಜೋರಿಯ ಬಾಗಿಲ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಯಾರಿಗೂ ಕಾಣಲಿಲ್ಲ. ಕೋಣಣ್ಣನಿಗೆ ಕಂಡಿತು. ತಿಜೋರಿಯನ್ನು ತಿರುವಿನ ಅಂಚಿಗೆ ಇಳಿಸಿ ಅವನು ನೆಟ್ಟಗೆ ನಿಂತ.

"ಸಾಹೇಬ್ರೇ, ಒಂದೇ ಒಂದು ಸಲ ಕೆಳಗಡೆ ಬನ್ನಿ. ಗೋಡೆ ಮೇಲೆ ಹಾಗಂತ ಬರ್ಸಿದೀರಲ್ಲ. ನಮ್ಮ ಮೂವತ್ತೆರಡು ಜನದ ಓಟೂ ನಿಮ್ಗೇ."

"ಲೋ ಬೋಳಿಮಗನೇ, ಯಾರ ಹತ್ರ ಮಾತಾಡ್ತಿದೀಯ!" ಕಂಟ್ರಾಕ್ಟರು ನುಗ್ಗಿದ. ಬಿಲ್ಲೆಗಳು ಝಣಝಣ ಅಂದವು.

ಇಪ್ಪತ್ತು ಜನ ನೋಡುತ್ತಿದ್ದರು, ಅವರಲ್ಲಿ ಪತ್ರಿಕೆಯವರೂ ಇದ್ದರು. ನಾಯಕರು ದೊಡ್ಡದಾಗಿ ನಕ್ಕು, "ಬಿಡ್ರೀ, ಅದಕ್ಕೇನಂತೆ!" ಎಂದು ಪಕ್ಕದ ಸಂದಿಯಲ್ಲಿ ನುಸುಳಿ ಕೆಳಗಿಳಿದು ಉದ್ದನ ಪಕ್ಕ ನಿಂತರು. ಕೋಣಣ್ಣ ಮೇಲೆ ಹೋದ. ಹಗ್ಗವನ್ನು ಮೆಟ್ಟಿಲ ಕಟಕಟೆಯ ಕಬ್ಬಿಣದ ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದ. ಅಜ್ಜನೂ ಕುಳ್ಳನೂ ಕರೆಸಿಕೊಳ್ಳದೆ ಬಂದು ಹಗ್ಗಕ್ಕೆ ಕೈ ಹಾಕಿದರು.

"ಹೂಂ... ಒಂದು," ಎಂದ ಅಜ್ಜ.

ಹಗ್ಗ ಒಂದು ಗೇಣು ಸಡಿಲವಾಯಿತು. ತಿಜೋರಿ ಅಂಚು ದಾಟಿ ನಾಯಕರ ಹೆಗಲ ಮೇಲೆ ಕೂತಿತು. ಅವರ ಗಂಟಲಿನಿಂದ ಹೊರಟ ಸದ್ದು ಯಾವ ಭಾಷಣದಲ್ಲೂ ಕೇಳಿದ್ದಲ್ಲ.

"ತಗೀರೀ ಫೋಟೋ! ಬೇಗ!"

"ಸಾರ್, ನೀವು ಕಾಣ್ತಾನೇ ಇಲ್ಲ ಸಾರ್!"

ಕೋಣಣ್ಣ ಕಂಟ್ರಾಕ್ಟರನ ಕಡೆ ತಿರುಗಿ, ಹೊತ್ತೆಷ್ಟಾಯಿತು ಎಂದು ಕೇಳುವವನ ಹಾಗೆ, "ನಮ್ಮ ಬಿಲ್ಲೆ ಕೊಡ್ತೀಯಾ?" ಎಂದ.

"ನಿಮ್ಮಪ್ಪಂದು ಕೊಡ್ತೀನಿ! ಎಳಿಯೋ ಹಗ್ಗ!"

"ಬೆಳಿಗ್ಗೆಯಿಂದ ಏಳು ಸಲ ಹತ್ತಿಸಿದೀನಿ. ಕೈ ಸೋತಿದೆ. ಬಿಲ್ಲೆ ಸಿಕ್ಕಿದ್ರೆ ಶಕ್ತಿ ಬರುತ್ತೇನೋ."

"ಹೂಂ... ಇನ್ನೊಂದು," ಎಂದ ಅಜ್ಜ. ಹಗ್ಗ ಮತ್ತೆ ಎರಡು ಬೆರಳು ಜಾರಿತು.

"ಕೊಡೋ!" ತಿಜೋರಿಯ ಹಿಂದಿನಿಂದ ಧ್ವನಿ ಬಂತು. ಮುಖವಿಲ್ಲದ, ಬರೀ ಧ್ವನಿ. "ಕೊಡೋ ಅವರ ಬಿಲ್ಲೆ! ಕೊಡೋ ಸೂಳೆಮಗನೇ, ಸತ್ತೆ!"

ಪಕ್ಷದ ಇತಿಹಾಸದಲ್ಲಿ ಹಮಾಲರ ಪರವಾಗಿ ಅಷ್ಟು ಮನಃಪೂರ್ವಕವಾದ ಮಾತು ಹಿಂದೆಂದೂ ಬಂದಿರಲಿಲ್ಲ. ಕಂಟ್ರಾಕ್ಟರು ಸೊಂಟದ ತಂತಿ ಬಿಚ್ಚಿ ಕೊಟ್ಟ. ಕುಳ್ಳ ಅದನ್ನು ಕುತ್ತಿಗೆಗೆ ಹಾಕಿಕೊಂಡ. ಮೂವರೂ ಒಟ್ಟಿಗೆ ಎಳೆದು ಭಾರವನ್ನು ಹಗ್ಗಕ್ಕೆ ತೆಗೆದುಕೊಂಡರು. ನಾಯಕರು ಉದ್ದನನ್ನು ಅಲ್ಲೇ ಬಿಟ್ಟು, ಅವನ ಕಾಲು ತುಳಿದು, ಸಂದಿಯಲ್ಲಿ ನುಸುಳಿ ತಮ್ಮವರ ನಡುವೆ ಹೋಗಿ ಸೇರಿದರು. ಅಂಗಿಯ ಹೆಗಲು ಹರಿದಿತ್ತು. ಉಸಿರು ಬಂದ ಕೂಡಲೇ ನಗುವೂ ಬಂತು.

"ನೋಡಿದ್ರಲ್ಲಾ ಎಲ್ರೂ? ಕೆಳಗಡೆ ಹಿಡ್ದೆ! ಕನ್ನಡಕ, ಇದನ್ನ ಬರ್ಸು. ಸರಿ, ಈಗ ಮೇಲಕ್ಕೆ ತಗೊಂಡು ಬನ್ರಪ್ಪಾ."

ಕೋಣಣ್ಣ ಇಳಿದು ತನ್ನ ಜಾಗಕ್ಕೆ ಬಂದ. ಉದ್ದನ ಕಾಲು ನೋಡಿದ. ಹೆಬ್ಬೆರಳಿನ ಉಗುರು ಎದ್ದು ರಕ್ತ ಬರುತ್ತಿತ್ತು.

"ಮೇಲಕ್ಕಾ?" ಎಂದ ಅಜ್ಜ, ಹಗ್ಗ ಬಿಚ್ಚುತ್ತ.

"ಕೆಳಕ್ಕೆ."

ಅಜ್ಜ ಹಗ್ಗವನ್ನು ಅಂಗೈಗೆ ಸುತ್ತಿಕೊಂಡ. "ಹೂಂ... ಒಂದು," ಎಂದ.

ತಿಜೋರಿ ಇಳಿಯತೊಡಗಿತು. ತಿರುವು ಬಿಟ್ಟ ಮೇಲೆ ಸಂದಿಯೂ ಇರಲಿಲ್ಲ; ಅದು ಮೆಟ್ಟಿಲ ಅಗಲಕ್ಕೆ ಅಗಲ ಇದ್ದದ್ದರಿಂದ ಯಾರೂ ದಾಟಿ ಮುಂದೆ ಬರುವಂತಿರಲಿಲ್ಲ. ಕೂಗಾಡಿದರು, ಬೈದರು, ಕುಳ್ಳನ ಅಂಗಿ ಹಿಡಿದು ಎಳೆಯಲು ನೋಡಿದರು. "ಎಳೀರಿ, ಇದು ಉರುಳಿದ್ರೆ ಹಗ್ಗದ ಜೊತೆ ನೀವೂ ಬರ್ತೀರಿ," ಎಂದ ಕುಳ್ಳ. ಕೈ ಬಿಟ್ಟರು. ಕಂಟ್ರಾಕ್ಟರು ಮೇಲಕ್ಕೆ ಓಡಿ ಲಿಫ್ಟಿನ ಗುಂಡಿ ಒತ್ತಿದ, ಉಳಿದವರೂ ಹಿಂದೆಯೇ ಓಡಿದರು. ಲಿಫ್ಟು ಮೂರನೇ ಮಹಡಿಯಲ್ಲಿ ಇನ್ನೊಂದು ಕಂತು ಪೋಸ್ಟರು ಇಳಿಸುತ್ತ ನಿಂತಿತ್ತು.

ನಾಲ್ವರೂ ತಿಜೋರಿಯನ್ನು ಬೀದಿಗೆ ತಂದರು. ಕಟ್ಟಡದ ಕಂಬಿಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದನ್ನು ಮುಚ್ಚಿ, ತಿಜೋರಿಯನ್ನು ಅದಕ್ಕೆ ಒತ್ತಿ ಇಟ್ಟರು. ಇಡುವಾಗ ನೆಲ ಸಣ್ಣಗೆ ಅದುರಿತು.

ಆಮೇಲೆ ಲಿಫ್ಟು ಇಳಿಯಿತು. ಕಂಬಿಗಳ ಹಿಂದೆ ಜನ ತುಂಬಿಕೊಂಡರು. ತಳ್ಳಿದರು. ಬಾಗಿಲು ಮಿಸುಕಲಿಲ್ಲ. ತಿಜೋರಿಯ ಅಂಚಿನ ಮೇಲೆ ನಾಯಕರ ಮುಖ ಕಾಣಿಸಿಕೊಂಡಿತು. ಬೀದಿಯಲ್ಲಿ ಜನ ಸೇರುತ್ತಿದ್ದುದನ್ನು ನೋಡಿ ಅವರು ಧ್ವನಿ ಇಳಿಸಿದರು.

"ಬೇಡಪ್ಪಾ, ಗಲಾಟೆ ಬೇಡ. ಕೂತು ಮಾತಾಡೋಣ. ನಿಮ್ಮಲ್ಲಿ ಲೀಡರ್ ಯಾರು? ಅವರನ್ನ ಮುಂದೆ ಕಳ್ಸಿ."

ನಾಲ್ವರಿಗೂ ಬೇರೆ ಕೆಲಸವಿತ್ತು. ಬಿಲ್ಲೆಯನ್ನು ತನ್ನ ತೋಳಿಗೆ ತಾನೇ ಕಟ್ಟಿಕೊಳ್ಳಲು ಬರುವುದಿಲ್ಲ, ಒಂದು ಕೈಯಲ್ಲಿ ಗಂಟು ಬೀಳುವುದಿಲ್ಲ. ಉದ್ದ ಕುಳ್ಳನಿಗೆ ಕಟ್ಟಿದ. ಕುಳ್ಳ ತುದಿಗಾಲಲ್ಲಿ ನಿಂತು ಉದ್ದನಿಗೆ ಕಟ್ಟಿದ. ಬೀದಿಯ ಆ ತುದಿಯಲ್ಲಿ ಪೊಲೀಸ್ ಜೀಪು ತಿರುಗಿಕೊಂಡಿತು.

"ಬಂದ್ರು," ಎಂದ ಕೋಣಣ್ಣ.

ಅಜ್ಜ ಅವನ ತೋಳು ಬಿಡಲಿಲ್ಲ. ಬಿಲ್ಲೆಯ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅದನ್ನು ಬಿಗಿಯಾಗಿ ಎಳೆದು, ಬಾಯಿ ಬಿಡಿಸಿಕೊಂಡು ಹೇಳಿದ:

"ಬರ್ಲಿ. ನೀನು ಅಲ್ಲಾಡ್ಬೇಡ, ಗಂಟು ಸರಿಯಾಗಿ ಬೀಳ್ಲಿ."