ಬಿಳಿ ಗೀಟು ಮೇಲಿರಬೇಕು

ಬಾಟಲಿಯ ಬಿಳಿ ಗೀಟು ಪಕ್ಕಕ್ಕೆ ತಿರುಗಿತ್ತು. ಯಾರೋ ಅದನ್ನು ಮುಟ್ಟಿದ್ದರು.

ಮಗಳು ಹುಟ್ಟಿದ ವರ್ಷ ನನ್ನ ಗಂಡ ತಂದಿಟ್ಟ ಪೋರ್ಟ್ ವೈನ್ ಅದು. ಮೆಟ್ಟಿಲ ಕೆಳಗಿನ ಗೂಡು ನಮ್ಮ ಮನೆಯಲ್ಲೇ ತಂಪು ಜಾಗ, ಬೆಳಕೂ ಬೀಳುವುದಿಲ್ಲ. ಬಿರಡೆ ಒಣಗಬಾರದೆಂದು ಬಾಟಲಿಯನ್ನು ಅಡ್ಡ ಮಲಗಿಸಿ, ಮೇಲ್ಗಡೆ ಸುಣ್ಣದಲ್ಲೊಂದು ಗೀಟು ಎಳೆದಿದ್ದರು. "ಇದು ಯಾವಾಗಲೂ ಮೇಲಿರಬೇಕು. ಹೊರಳಿಸಿದ್ರೆ ಕೆಳಗೆ ಕೂತಿರೋ ಮಡ್ಡಿಯೆಲ್ಲ ಕದಡಿಹೋಗುತ್ತೆ. ಮಗಳ ಮದುವೆ ದಿನ ಮೂವರೂ ಕೂತು ಕುಡಿಯೋಣ," ಎಂದಿದ್ದರು. ಅವರು ತೀರಿಕೊಂಡ ಮೇಲೆ ಆ ಮೂವರಲ್ಲಿ ಉಳಿದವರು ನಾವಿಬ್ಬರು. ಆ ದಿನ ಅವಳ ಎದುರು ಕೂತು ಒಂದು ಗುಟುಕು ಕುಡಿಯಬೇಕು, ಅದೊಂದೇ ನನಗೆ ಉಳಿದಿದ್ದ ಆಸೆ.

ಗೂಡಿಗೆ ಬೀಗ. ಕೀಲಿ ನನ್ನ ದಿಂಬಿನ ಕೆಳಗೆ. ಹಾಗಾದರೆ ಬಾಟಲಿ ಮುಟ್ಟಿದವರು ಯಾರು?

ಅದನ್ನೂ ಕೇಳಬೇಕೇ! ಮಗಳು ಮನೆಗೆ ಕರೆತರುತ್ತಿದ್ದ ಹುಡುಗನ ಕಸುಬೇ ಬೀಗ ರಿಪೇರಿ. "ಇವನಿಗೆ ಮನೆ ತೋರಿಸೋದೂ ಒಂದೇ, ಕಳ್ಳನ ಕೈಗೆ ಕೀಲಿ ಕೊಡೋದೂ ಒಂದೇ," ಎಂದು ಮೊದಲ ದಿನವೇ ಹೇಳಿದ್ದೆ. ಅವಳು ಮುಖ ಊದಿಸಿಕೊಂಡು ಮಾತು ಬಿಟ್ಟಿದ್ದಳು.

ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾರೆ. ಅನ್ನಲಿ. ಬಟ್ಟೆ ಅಂಗಡಿಯ ಟ್ರಯಲ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ಹೋದ ಬಟ್ಟೆಯೆಲ್ಲ ಹೊರಗೆ ಬಂತೇ ಎಂದು ನೋಡುವುದು ನನ್ನ ಕೆಲಸ. ಒಂದರ ಮೇಲೊಂದು ಅಂಗಿ ತೊಟ್ಟು ಬಂದು, "ಈಚೆಗೆ ದಪ್ಪ ಆಗಿದೀನಿ," ಎಂದವರನ್ನೆಲ್ಲ ಕಂಡಿದ್ದೇನೆ. ನಗುಮುಖದವರನ್ನೇ ಮೊದಲು ತಡೆಯಬೇಕು. ಈ ಹುಡುಗನಂತೂ ಬಂದಾಗಲೆಲ್ಲ ನಗುತ್ತಾನೆ.

ಟಾರ್ಚ್ ತಂದು ಬಾಟಲಿಯ ಹಿಂದೆ ಹಿಡಿದೆ. ಇಷ್ಟು ವರ್ಷ ಮಲಗಿದ್ದ ಪೋರ್ಟಿನ ಮಡ್ಡಿ ಗಾಜಿಗೆ ಪೊರೆಯಾಗಿ ಅಂಟಿರಬೇಕು. ಇಲ್ಲಿ ಏನೂ ಇಲ್ಲ, ತೊಳೆದಿಟ್ಟ ಹಾಗಿದೆ! ಬಿರಡೆಯ ಮೇಲಿನ ಅರಗೂ ಹೊಸದು. ಕುಡಿದು ಮುಗಿಸಿ, ಅಗ್ಗದ್ದೇನೋ ತುಂಬಿಸಿ ಮಲಗಿಸಿದ್ದಾನೆ, ಹಾಳಾದವನು. ಗೀಟಿನ ವಿಷಯ ನನ್ನ ಮಗಳಿಗೆ ಚಿಕ್ಕಂದಿನಿಂದ ಗೊತ್ತು. ಇವನಿಗೇನು ಗೊತ್ತು?

ಭಾನುವಾರ ಅವನು ಬಂದು ಕೂತ ಕೂಡಲೇ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಏನಪ್ಪಾ, ರುಚಿ ಹೇಗಿತ್ತು?"

ಅವನ ನಗು ಹಾರಿಹೋಯಿತು. ಮಗಳ ಮುಖ ನೋಡಿದ.

"ಅವಳ ಮುಖ ಯಾಕೆ ನೋಡ್ತೀಯ? ಉಂಡ ಮನೆಗೇ ಕನ್ನ ಹಾಕೋ ಬುದ್ಧಿ ಎಲ್ಲಿ ಕಲಿತೆ?"

"ಅಮ್ಮಾ, ಸಾಕು ನಿಲ್ಸು!" ಮಗಳು ಎದ್ದು ನಿಂತಳು. "ತೆಗೆದವಳು ನಾನು. ಬೀಗ ತೆಗೆದುಕೊಡು ಅಂತ ಇವನನ್ನ ಕೇಳಿದ್ದೆ. ನಿಮ್ಮಮ್ಮನ ಬೀಗ ನಾನು ಮುಟ್ಟಲ್ಲ ಅಂದ. ನೀನು ಸ್ನಾನಕ್ಕೆ ಹೋದಾಗ ಕೀಲಿ ನಾನೇ ತಗೊಂಡೆ."

"ಗೀಟು ತಿರುಗಿಸಿದ್ದೂ ನೀನೇನಾ?"

"ಅಪ್ಪ ಇಟ್ಟಿದ್ದು ಖಾಲಿ ಆದ ಮೇಲೆ, ಬೇರೆ ತುಂಬಿಸಿಡುವಾಗ ಗೀಟು ಯಾವ ಕಡೆ ಇದ್ರೆ ಏನು ಅನ್ನಿಸ್ತು."

"ಮದುವೆ ದಿನ ತೆಗೀಬೇಕಾದ್ದನ್ನ..."

"ಮದುವೆ ದಿನವೇ ತೆಗೆದಿದ್ದು, ಅಮ್ಮಾ."

ಅವಳೇ ಎಲ್ಲ ಬಿಡಿಸಿ ಹೇಳಿದಳು. ಹೋದ ತಿಂಗಳು ನೋಂದಣಿ ಕಚೇರಿಯಲ್ಲಿ ಮದುವೆ ಮುಗಿದಿತ್ತು. ಅಂದು ಸಂಜೆ ಅವನ ಅಂಗಡಿಯಲ್ಲಿ, ಕೀಲಿಗೊಂಚಲುಗಳ ನಡುವೆ ಕೂತು ಇಬ್ಬರೂ ಕುಡಿದಿದ್ದರು.

"ನನ್ನ ಬಿಟ್ಟು?"

"ಮುಂಚೆ ನಾನು ಇಷ್ಟಪಟ್ಟವನೊಬ್ಬ ಮನೆಗೆ ಬಂದಿದ್ನಲ್ಲ, ಅವನು ಹೊರಡುವಾಗ ಚೀಲ ಬಿಚ್ಚಿಸಿ ನೋಡಿದೆ ನೀನು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇವನನ್ನೂ ಕಳ್ಕೊಳ್ಳೋಕೆ ನನಗೆ ಧೈರ್ಯ ಬರಲಿಲ್ಲ."

"ಅಮ್ಮನಿಗೆ ಹೇಳೋಣ ಅಂತ ನಾನು..." ಹುಡುಗ ಬಾಯಿ ತೆರೆದ.

"ನೀನು ಸುಮ್ನಿರು!" ಎಂದೆವು ಇಬ್ಬರೂ ಒಟ್ಟಿಗೆ.

ಮಗಳ ಕಡೆ ತಿರುಗಿದೆ. ಕೇಳದೆ ಇರಲಾಗಲಿಲ್ಲ. "ಸಾಕ್ಷಿ ಬೇಕಲ್ಲ? ನಮ್ಮ ಕಡೆಯಿಂದ ಯಾರು ಸಹಿ ಹಾಕಿದ್ರು?"

ಅವಳು ತಲೆ ತಗ್ಗಿಸಿದಳು. "ಏನೋ ಕೆಲಸಕ್ಕೆ ಅಂತ ಅಲ್ಲಿಗೆ ಬಂದಿದ್ದ ಒಬ್ರು ಹೆಂಗಸು. ನಿನ್ನ ವಯಸ್ಸಿನವರು, ಗುರುತಿಲ್ಲ. ನಮ್ಮಮ್ಮನ ಜಾಗದಲ್ಲಿ ನಿಂತ್ಕೊಳ್ತೀರಾ ಅಂತ ಕೇಳಿದೆ. ಬಂದ್ರು."

"ಏನೂ ವಿಚಾರಿಸದೆ?"

"ಏನೂ ವಿಚಾರಿಸಲಿಲ್ಲ. ಸಹಿ ಹಾಕಿ, ನನ್ನ ಕೆನ್ನೆ ಸವರಿ, ಚೆನ್ನಾಗಿರು ಮಗಳೇ ಅಂದ್ರು."

ನಾನು ಹೇಳಬೇಕಾಗಿದ್ದ ಮಾತು ಅದು. ಈಗಲಾದರೂ ಹೇಳೋಣವೆಂದು ಬಾಯಿ ತೆರೆದೆ, ಬರೀ ಅಳು ಬಂತು.